ಮಡಿಕೇರಿಯಲ್ಲಿ ಮೂವರು ಸೇರಿ ರೂಮ್: ಮಳೆಗಾಲಕ್ಕೆ ತಲೆಗೆ 3,500 ಸಾಕಾ?

ಪಿರಿಯಾಪಟ್ಟಣದವ
ಪದವಿ ಮೊದಲ ವರ್ಷಕ್ಕೆ ಮಡಿಕೇರಿಯಲ್ಲಿ ಸೀಟು ಸಿಕ್ಕಿದೆ. ಮೂವರು ಹುಡುಗರು ಸೇರಿ ರೂಮ್ ಮಾಡುವ ಯೋಚನೆ. ಬಾಡಿಗೆ ಮನೆಯಿಂದ ಕೊಡ್ತಾರೆ. ಅದು ಬಿಟ್ಟು ತಲೆಗೆ ತಿಂಗಳಿಗೆ 3,500 ರೂಪಾಯಿ, ಅದರಲ್ಲೇ ಊಟ, ಕರೆಂಟು, ಗ್ಯಾಸು, ಬಸ್ಸು, ಜೆರಾಕ್ಸು, ಫೋನು ಎಲ್ಲ. ಕೇಳಬೇಕಾದ್ದು ಇಷ್ಟು: ಅಡುಗೆಗೆ ಇಂಡಕ್ಷನ್ ತಗೊಳ್ಳೋದಾ, ಗ್ಯಾಸಾ? ಮಳೆಗಾಲದಲ್ಲಿ ಬಟ್ಟೆ ಒಣಗಿಸೋದು ಹೇಗೆ? ಕುಶಾಲನಗರದಲ್ಲಿ ರೂಮ್ ಮಾಡಿ ದಿನಾ ಓಡಾಡಿದರೆ ಅಗ್ಗ ಆಗುತ್ತಾ? ಅಲ್ಲಿ ಮಳೆ ಕಡಿಮೆ ಅಂತಾರೆ.

ಗಾಳಿಬೀಡು
3,500ಕ್ಕೆ ಊಟದ ಖರ್ಚು ಆರಾಮಾಗಿ ಆಗುತ್ತೆ. ಮಡಿಕೇರಿಯಲ್ಲಿ ಹುಡುಗರ ದುಡ್ಡು ಸೋರೋದು ಊಟದಲ್ಲಲ್ಲ, ತೇವದಲ್ಲಿ. ಒಣಗದ ಜೀನ್ಸ್‌ಗೆ ಇನ್ನೊಂದು ಜೀನ್ಸ್, ಬೂಸ್ಟು ಹಿಡಿದ ಶೂಗೆ ಇನ್ನೊಂದು ಜೊತೆ ಶೂ, ಬಟ್ಟೆ ಒಣಗಿಸೋಕೆ ಅಂತ ಹಾಕಿದ ಹೀಟರ್‌ನ ಬಿಲ್ಲು, ಕರೆಂಟು ಹೋಯ್ತು ಅಂತ ಹೋಟೆಲ್ ಊಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ಹಿಡಿತದಲ್ಲಿಟ್ಟರೆ ಉಳಿದ ಎಂಟು ತಿಂಗಳು ತಾನಾಗಿ ನಡೆಯುತ್ತೆ.

ಅದಕ್ಕೆ ಮೊದಲ ಕೆಲಸ ರೂಮ್ ಆರಿಸೋದು. ಇಲ್ಲಿ ಮಳೆ ನೈರುತ್ಯದಿಂದ ಬಡಿಯುತ್ತೆ. ನೀವು ಮಲಗುವ ಕೋಣೆಯ ಗೋಡೆ ಪಡುವಣಕ್ಕೋ ತೆಂಕಣಕ್ಕೋ ಬಯಲಾಗಿ ನಿಂತಿದ್ದರೆ ಜುಲೈ ಹೊತ್ತಿಗೆ ಆ ಗೋಡೆ ಒಳಗಿನಿಂದ ಬೆವರುತ್ತೆ. ಅದೇ ದಿಕ್ಕಿಗೆ ಪಕ್ಕದ ಮನೆ, ವರಾಂಡ ಅಥವಾ ಉದ್ದ ಇಳಿಸಿದ ಸೂರು ಇದ್ದರೆ ಒಳ್ಳೇದು. ನೋಡೋಕೆ ಹೋದಾಗ ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಬೀರು, ಮಂಚ ಒಂದು ಗೇಣು ಮುಂದಕ್ಕೆಳೆದು ಹಿಂದಿನ ಗೋಡೆಯ ಬುಡ ನೋಡಿ. ಪೇಂಟ್ ಗುಳ್ಳೆ ಎದ್ದಿದ್ದರೆ, ಕಪ್ಪು ಚುಕ್ಕೆ ಇದ್ದರೆ ಬೇರೆ ರೂಮ್ ಹುಡುಕಿ.

ಓನರ್ ಹತ್ತಿರ ಬಾಯಿಬಿಟ್ಟು ಕೇಳಬೇಕಾದ್ದು: ಮೀಟರ್ ಪ್ರತ್ಯೇಕವಾ? ಬಚ್ಚಲಲ್ಲಿ ಹಂಡೆ ಒಲೆ ಇದೆಯಾ, ಸೌದೆ ಉರಿಸಲು ಬಿಡ್ತಾರಾ? ಬಟ್ಟೆ ಹಾಕಲು ಸೂರಿನಡಿ ಜಾಗ ಎಷ್ಟು? ಕರಾರು 11 ತಿಂಗಳಿಗೆ ಬರೆಸಿ. ಬಾಯಿಮಾತಿನ ರೂಮ್‌ಗಳನ್ನು ಟೂರಿಸ್ಟ್ ಸೀಸನ್ ಬಂತು ಅಂತ ಹೋಂಸ್ಟೇ ಮಾಡೋಕೆ ಖಾಲಿ ಮಾಡಿಸ್ತಾರೆ. ನಡುವರ್ಷದಲ್ಲಿ ರೂಮ್ ಬದಲಿಸೋದರಷ್ಟು ದುಬಾರಿ ಬೇರೆ ಇಲ್ಲ.

ಸುಂಟಿಕೊಪ್ಪ
ಕುಶಾಲನಗರದ ವಿಚಾರ. ಮಡಿಕೇರಿಗೆ ಅಲ್ಲಿಂದ ಸುಮಾರು 30 ಕಿ.ಮೀ., ಬಸ್ಸಲ್ಲಿ ಒಂದು ಗಂಟೆ ಹಿಡಿಯಿರಿ. ಮಳೆ ಅಲ್ಲಿ ನಿಜಕ್ಕೂ ಕಡಿಮೆ, ಬಟ್ಟೆ ಒಣಗುತ್ತೆ, ಊರು ಮಟ್ಟಸ. ಆದರೆ ಲೆಕ್ಕ ಹುಡುಗರಿಗೊಂದು, ಹುಡುಗಿಯರಿಗೊಂದು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಅವರಿಗೆ ಕುಶಾಲನಗರ ಹೊಂದಬಹುದು. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ, ಕಾಲೇಜಿನಿಂದ ದೃಢೀಕರಣ ಆದ ಮೇಲೆ ಪಾಸ್. ದಾಖಲಾತಿ ಶುಲ್ಕದ ರಸೀದಿ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ, ಆದ್ದರಿಂದ ಮೊದಲ ಕೆಲವು ವಾರ ಟಿಕೆಟ್ ದುಡ್ಡು ಕೈಯಿಂದಲೇ.

ಇನ್ನೊಂದು. ಕೊಡಗಿನಲ್ಲಿ ಖಾಸಗಿ ಬಸ್ಸು ಜಾಸ್ತಿ, ಮಡಿಕೇರಿಯಲ್ಲಿ ಅದರ ನಿಲ್ದಾಣವೇ ಬೇರೆ. ಅಲ್ಲಿ ಶಕ್ತಿಯೂ ನಡೆಯಲ್ಲ, ಸರ್ಕಾರಿ ಪಾಸೂ ನಡೆಯಲ್ಲ. ನಿಮ್ಮ ಹೊತ್ತಿಗೆ ಯಾವ ಬಸ್ಸು ಬರುತ್ತೆ ಅಂತ ನೋಡಿಕೊಂಡು ಪಾಸ್ ಮಾಡಿಸಿ.

ಬೆಟ್ಟಗೇರಿ
ಕುಶಾಲನಗರ ಬೇಡ ಅಂತ ನನ್ನ ವಾದ. ದಿನಕ್ಕೆ ಎರಡು ಗಂಟೆ ಬಸ್ಸಲ್ಲೇ ಹೋಗುತ್ತೆ. ಪ್ರ್ಯಾಕ್ಟಿಕಲ್ ಮುಗಿಯೋದು ತಡವಾದರೆ ಬಸ್ಸು ಕಾಯುತ್ತಾ ಹೋಟೆಲಲ್ಲಿ ತಿನ್ನೋದು, ಬೆಳಿಗ್ಗೆ ಬೇಗ ಹೊರಡಬೇಕು ಅಂತ ತಿಂಡಿ ಬಿಟ್ಟು ಕ್ಯಾಂಟೀನ್‌ಗೆ ಹೋಗೋದು. ಗಾಳಿ ಜೋರಿದ್ದ ದಿನ ಆನೆಕಾಡು ಹತ್ತಿರ ಮರ ಬಿದ್ದರೆ ರಸ್ತೆ ನಿಂತೇ ಹೋಯ್ತು. ಬಾಡಿಗೆಯಲ್ಲಿ ಉಳಿಸಿದ್ದನ್ನು ಹೊಟ್ಟೆಗೆ ಕೊಡ್ತೀರಿ. ಕಾಲೇಜಿಗೆ ನಡೆದು ಹೋಗುವಷ್ಟು ದೂರದಲ್ಲಿ ರೂಮ್ ಮಾಡಿ, ಮಧ್ಯಾಹ್ನದ ಊಟಕ್ಕೂ ರೂಮ್‌ಗೇ ಬರಬಹುದು.

ನೀರೊಲೆ
ಬಟ್ಟೆ ಬಗ್ಗೆ ಪೂರ್ತಿ ಬರೀತೀನಿ, ಇದೇ ದೊಡ್ಡ ತಲೆನೋವು.

ಮೊದಲು ತರಬಾರದ್ದು: ದಪ್ಪ ಜೀನ್ಸ್, ಹುಡ್ ಇರುವ ಹತ್ತಿ ಸ್ವೆಟ್‌ಶರ್ಟ್, ದಪ್ಪ ಟರ್ಕಿ ಟವೆಲ್. ಜುಲೈಯಲ್ಲಿ ಇವು ನಾಲ್ಕು ದಿನವಾದರೂ ಒಣಗಲ್ಲ. ತೆಳು ಟೆರಿಕಾಟ್ ಪ್ಯಾಂಟ್, ಟ್ರ್ಯಾಕ್ ಬಟ್ಟೆ, ಪಾಲಿಯೆಸ್ಟರ್ ಮಿಶ್ರಣದ ಶರ್ಟ್, ಮೈ ಒರೆಸಲು ತೆಳು ಪಂಚೆ ಅಥವಾ ಬೈರಾಸ ತನ್ನಿ. ಚಳಿಗೆ ಒಂದು ಉಣ್ಣೆ ಸ್ವೆಟರ್ ಸಾಕು, ಅದನ್ನು ಪದೇ ಪದೇ ಒಗೆಯುವ ಹಾಗಿಲ್ಲ.

ಒಗೆಯೋದು: ಭಾನುವಾರ ಒಂದು ರಾಶಿ ಹಾಕಬೇಡಿ. ದಿನಕ್ಕೆ ಎರಡು ಮೂರು ಬಟ್ಟೆ. ಮೂವರ ವಾರದ ಬಟ್ಟೆ ಒಂದೇ ಕೋಣೆಯಲ್ಲಿ ನೇತುಹಾಕಿದರೆ ಅದರ ನೀರೆಲ್ಲ ಗೋಡೆಗೆ, ಹಾಸಿಗೆಗೆ ಹೋಗುತ್ತೆ. ಸೋಪಿನ ಪುಡಿ ಅರ್ಧಕ್ಕೆ ಇಳಿಸಿ. ಸರಿಯಾಗಿ ಜಾಲಿಸದೆ ಉಳಿದ ಸೋಪು ತೇವ ಹಿಡಿದಿಟ್ಟು ವಾಸನೆ ತರುತ್ತೆ. ಬಟ್ಟೆ ಒಂದು ದಿನಕ್ಕಿಂತ ಹೆಚ್ಚು ಒದ್ದೆ ಇದ್ದರೆ ಬ್ಯಾಕ್ಟೀರಿಯಾ ಬೆಳೆದೇ ಬೆಳೆಯುತ್ತೆ, ಆ ಮುಗ್ಗಲು ವಾಸನೆ ಅದರದೇ. ಸೆಂಟು ಹೊಡೆದರೆ ಹೋಗಲ್ಲ. ಬಟ್ಟೆ ತಡೆಯುವಷ್ಟು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಒಗೆಯಬೇಕು.

ಹಿಂಡೋದು: ಕೈಯಲ್ಲಿ ಹಿಂಡಿದ ಮೇಲೆ ಒಣ ಪಂಚೆ ಹಾಸಿ, ಅದರ ಮೇಲೆ ಶರ್ಟ್ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ ಇಬ್ಬರು ಎರಡು ಕಡೆ ಹಿಡಿದು ತಿರುಚಿ. ಶರ್ಟ್‌ನಲ್ಲಿ ಉಳಿದ ನೀರು ಬಹುಪಾಲು ಪಂಚೆಗೆ ಬರುತ್ತೆ. ಪಂಚೆ ತೆಳು, ಅದು ಬೇಗ ಒಣಗುತ್ತೆ.

ಇದಕ್ಕಿಂತ ಒಳ್ಳೆ ದಾರಿ ಹಳೆ ಸೆಮಿ ಆಟೋಮ್ಯಾಟಿಕ್ ಮೆಷಿನ್. ಒಗೆಯುವ ಕಡೆ ಮೋಟಾರ್ ಹೋಗಿ ಡ್ರೈಯರ್ ಮಾತ್ರ ತಿರುಗುವ ಮೆಷಿನ್‌ಗಳು ರಿಪೇರಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಐದು ನಿಮಿಷ ತಿರುಗಿಸಿದರೆ ಸಾಕು, ಕರೆಂಟು ಲೆಕ್ಕಕ್ಕೇ ಬರಲ್ಲ. ಕೊಳ್ಳುವಾಗ ಡ್ರೈಯರ್‌ನ ಮುಚ್ಚಳ ಎತ್ತಿದ ಕೂಡಲೆ ಬ್ರೇಕ್ ಹಿಡಿಯುತ್ತಾ, ತಿರುಗುವಾಗ ಡಬಡಬ ಹೊಡೆಯುತ್ತಾ ನೋಡಿ. ಹೊಡೆದರೆ ಕೆಳಗಿನ ಸ್ಪ್ರಿಂಗ್ ಅಥವಾ ರಬ್ಬರ್ ಹೋಗಿದೆ. ಬೆಲೆ ಇಳಿಸಿ, ಇಲ್ಲ ಬಿಡಿ.

ಒಣಗಿಸೋದು: ಹ್ಯಾಂಗರ್‌ಗೆ ಹಾಕಿ ಎರಡು ಬಟ್ಟೆ ನಡುವೆ ಒಂದು ಗೇಣು ಬಿಡಿ. ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಕೆಳಗಿನಿಂದ ಮೇಲಕ್ಕೆ ತಿರುಗಿಸಿ, ನೀರೆಲ್ಲ ಬಟ್ಟೆಯ ಕೆಳ ಅಂಚಿಗೆ ಇಳಿದಿರುತ್ತೆ. ಗಾಳಿ ಬಡಿಯದ ಕಡೆಯ ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಲಿ. ಹೊರಗೆ ಮಳೆ, ಕಿಟಕಿ ಯಾಕೆ ತೆಗೀಬೇಕು ಅಂತ ಕೇಳ್ತಾರೆ. ಮುಚ್ಚಿದ ಕೋಣೆಯಲ್ಲಿ ಬಟ್ಟೆಯಿಂದ ಎದ್ದ ತೇವ ಹೋಗೋದೆಲ್ಲಿಗೆ? ಹಂಡೆ ಒಲೆ ಇರುವ ಬಚ್ಚಲಾದರೆ ಒಲೆಯಿಂದ ದೂರಕ್ಕೆ, ಮೇಲ್ಗಡೆ ಹಗ್ಗ ಕಟ್ಟಿ. ಬೆಳಿಗ್ಗೆ ಸ್ನಾನಕ್ಕೆ ಹಾಕಿದ ಬೆಂಕಿಯ ಬಿಸಿ ಮಧ್ಯಾಹ್ನದವರೆಗೆ ಇರುತ್ತೆ. ಕೊನೆಗೆ ಉಳಿಯೋದು ಕಾಲರ್, ಜೇಬು, ಸೊಂಟದ ಪಟ್ಟಿ. ಅದಕ್ಕೆ ಇಸ್ತ್ರಿ.

ಮೀಟರ್ ಬೋರ್ಡ್
ಮೇಲಿನವರು ಹೇಳಿದ್ದಕ್ಕೆ ಯೂನಿಟ್ ಲೆಕ್ಕ ಸೇರಿಸ್ತೀನಿ.

ಟೇಬಲ್ ಫ್ಯಾನ್ 50 ವಾಟ್, 8 ಗಂಟೆಗೆ 0.4 ಯೂನಿಟ್. ರೂಮ್ ಹೀಟರ್ 1,000 ವಾಟ್, 4 ಗಂಟೆಗೆ 4 ಯೂನಿಟ್, ದಿನಾ ಹಾಕಿದರೆ ತಿಂಗಳಿಗೆ 120. ಹೀಟರ್ ಕಾಯಿಲ್‌ನಲ್ಲಿ 15 ಲೀಟರ್ ಬಕೆಟ್ ನೀರು 18 ಡಿಗ್ರಿಯಿಂದ 45ಕ್ಕೆ ಬರಲು ಹೆಚ್ಚುಕಡಿಮೆ ಅರ್ಧ ಯೂನಿಟ್, 1,500 ವಾಟ್ ಕಾಯಿಲ್ ಆದರೆ ಸುಮಾರು 20 ನಿಮಿಷ. ಮೂವರು ದಿನಾ ಒಂದೊಂದು ಬಕೆಟ್ ಅಂದರೆ ತಿಂಗಳಿಗೆ 45 ಯೂನಿಟ್. ಇಂಡಕ್ಷನ್‌ನಲ್ಲೇ ಎರಡು ಹೊತ್ತು ಮೂವರ ಅಡುಗೆ ಮಾಡಿದರೆ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್.

ಯಾಕೆ ಇಷ್ಟು ಹೇಳಿದೆ ಅಂದರೆ, ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ 200 ಯೂನಿಟ್ ಪೂರ್ತಿ ಪುಕ್ಕಟೆ ಅಂತ ತಿಳಿಯೋದು ತಪ್ಪು. ಆ ಮೀಟರಿನ ಹಿಂದಿನ ಸರಾಸರಿ ಬಳಕೆ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಮಿತಿ ಇಟ್ಟಿರ್ತಾರೆ. ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಹೀಟರ್ 120, ಕಾಯಿಲ್ 45, ಇಂಡಕ್ಷನ್ 50, ಅಲ್ಲಿಗೇ 215. ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟು ಅಂತ ಅಚ್ಚಾಗಿರುತ್ತೆ, ರೂಮ್ ಒಪ್ಪುವ ಮೊದಲು ಹಳೆ ಬಿಲ್ಲು ತೋರಿಸಿ ಅನ್ನಿ. ಹಿಂದೆ ಇದ್ದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿದ ಮೇಲಷ್ಟೇ ನಿಮ್ಮದು ಸೇರೋದು.

ಕಾಯಿಲ್ ಬಳಸೋದಾದರೆ ಪ್ಲಾಸ್ಟಿಕ್ ಬಕೆಟ್‌ನಲ್ಲೇ. ನೀರಲ್ಲಿ ಮುಳುಗಿಸಿದ ಮೇಲೆ ಸ್ವಿಚ್ ಹಾಕಿ, ಆರಿಸಿ ಪ್ಲಗ್ ಕಿತ್ತ ಮೇಲೆ ನೀರು ಮುಟ್ಟಿ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥ್ ತಪ್ಪಿಸಬೇಡಿ. ಒದ್ದೆ ನೆಲ, ಒದ್ದೆ ಗೋಡೆಯ ಊರಿದು.

ಚೇರಂಬಾಣೆ
ನಮ್ಮ ಕಡೆ ಬಿದಿರಿನ ಬುಟ್ಟಿ ಕವುಚಿ ಅಡಿಯಲ್ಲಿ ಕೆಂಡ ಇಟ್ಟು ಬಟ್ಟೆ ಒಣಗಿಸೋದು ಉಂಟಲ್ಲ, ಅದನ್ನೇ ಮಾಡಿದರೆ ಕರೆಂಟಿನ ಗೊಡವೆಯೇ ಇಲ್ಲ.

ಗಾಳಿಬೀಡು
@ಚೇರಂಬಾಣೆ ಅದು ಹೊಗೆ ಹೋಗಲು ದಾರಿ ಇರುವ ಹಳೆ ಅಡುಗೆಮನೆಗೆ, ಯಾರಾದರೂ ಎಚ್ಚರ ಇರುವ ಹೊತ್ತಿಗೆ. ಹತ್ತಡಿ ಕಾಂಕ್ರೀಟ್ ರೂಮಲ್ಲಿ ಬಾಗಿಲು ಹಾಕಿ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಬೆಳಿಗ್ಗೆ ಏಳಲ್ಲ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಇಲ್ಲದಿದ್ದರೂ ಅದಿರುತ್ತೆ. ಚಳಿ ಅಂತ ಕೂಡ ಇಡಬೇಡಿ ಹುಡುಗರೇ.

ಪಿರಿಯಾಪಟ್ಟಣದವ
ಕುಶಾಲನಗರ ಬಿಟ್ಟೆವು. ಹಾಗಾದರೆ ಅಡುಗೆಗೆ ಗ್ಯಾಸೇ ಸರಿಯಾ? ನಮ್ಮ ಹೆಸರಲ್ಲಿ ಕನೆಕ್ಷನ್ ಸಿಗಲ್ಲ ಅಲ್ವಾ?

ಅಕ್ಕಿತರಿ
5 ಕೆ.ಜಿ. ಸಿಲಿಂಡರ್ ತಗೊಳ್ಳಿ. ಇಂಡೇನ್‌ನವರು ಛೋಟು ಅನ್ನೋ ಹೆಸರಲ್ಲಿ ಕೊಡ್ತಾರೆ, ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಬೇಡ. ಕೆ.ಜಿ. ಲೆಕ್ಕದಲ್ಲಿ ಮನೆ ಸಿಲಿಂಡರಿಗಿಂತ ದುಬಾರಿ, ನಿಜ. ಆದರೆ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿ ಕೊಡ್ತಾರಲ್ಲ, ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಆ ಕಡೆ ಹೋಗಬೇಡಿ.

ಒಂದು ಬರ್ನರ್ ಗಂಟೆಗೆ 150 ಗ್ರಾಂ ಆಸುಪಾಸು ಗ್ಯಾಸ್ ಉರಿಸುತ್ತೆ. 5 ಕೆ.ಜಿ. ಅಂದರೆ ಮೂವತ್ತು ಗಂಟೆ ಮೇಲೆ ಸ್ವಲ್ಪ. ದಿನಕ್ಕೆ ಒಂದು ಗಂಟೆ ಉರಿಯಲ್ಲಿ ಅಡುಗೆ ಮುಗಿಸಿದರೆ ಒಂದು ತಿಂಗಳು. ಸ್ನಾನದ ನೀರು ಇದರಲ್ಲಿ ಕಾಯಿಸಿದರೆ ಎರಡು ವಾರಕ್ಕೇ ಖಾಲಿ.

ಇಂಡಕ್ಷನ್ ಯಾರದ್ದಾದರೂ ಇದ್ದರೆ ಇರಲಿ, ಅದನ್ನೇ ನಂಬಬೇಡಿ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಒಂದಿಡೀ ದಿನ ಕರೆಂಟು ಇರಲ್ಲ. ಕರೆಂಟು ವಾಪಸ್ ಬಂದಾಗ ವೋಲ್ಟೇಜ್ ಹಾರೋದರಿಂದ ಇಂಡಕ್ಷನ್, ಲ್ಯಾಪ್‌ಟಾಪ್ ಚಾರ್ಜರ್ ಎರಡೂ ಪ್ಲಗ್‌ನಿಂದ ಕಿತ್ತಿಡಿ, ಬಂದು ಐದು ಹತ್ತು ನಿಮಿಷ ಆದ ಮೇಲೆ ಹಾಕಿ.

ಗ್ಯಾಸ್ ಉಳಿಸೋಕೆ ಕಂಬಳಿ ಅಡುಗೆ ಕಲಿಯಿರಿ. ಬೆಳ್ತಿಗೆ ಅಕ್ಕಿ (ಬಿಳಿ ಅಕ್ಕಿ) ಒಂದಕ್ಕೆ ಎರಡು ನೀರು, ಅರ್ಧ ಗಂಟೆ ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು, ಬಿಗಿ ಮುಚ್ಚಳ ಹಾಕಿ ಹಳೆ ಕಂಬಳಿಯಲ್ಲಿ ಸುತ್ತಿ 40 ನಿಮಿಷ ಬಿಡಿ. ಅನ್ನ ಒಳಗೇ ಬೇಯುತ್ತೆ. ಪಾತ್ರೆ ಮುಕ್ಕಾಲು ತುಂಬಿರಬೇಕು, ದೊಡ್ಡ ಪಾತ್ರೆಯಲ್ಲಿ ಒಂದು ಲೋಟ ಅಕ್ಕಿ ಹಾಕಿದರೆ ಬಿಸಿ ನಿಲ್ಲಲ್ಲ, ಅಕ್ಕಿ ನಡುವೆ ಗಟ್ಟಿ ಉಳಿಯುತ್ತೆ. ಕುಚ್ಚಲಕ್ಕಿಗೆ ಮೂರು ಪಾಲು ನೀರು ಹಾಕಿ, ಒಂದು ಗಂಟೆ ಸುತ್ತಿಟ್ಟು ಮತ್ತೆ ಕುದಿಸಿ ಇನ್ನೊಮ್ಮೆ ಸುತ್ತಬೇಕು. ಕಡಲೆ, ಹೆಸರುಕಾಳು ರಾತ್ರಿ ನೆನೆಸಿ ಕುಕ್ಕರಲ್ಲಿ ಎರಡು ಸೀಟಿ ಆದ ಮೇಲೆ ಹಾಗೇ ಸುತ್ತಿಡಿ. ರಾಜ್ಮಾಗೆ ಮಾತ್ರ ಈ ಉಪಾಯ ಬೇಡ, ಅದು ಚೆನ್ನಾಗಿ ಕುದಿದು ಬೇಯದಿದ್ದರೆ ಹೊಟ್ಟೆ ಕೆಡುತ್ತೆ.

ಶುಕ್ರವಾರ ಸಂತೆ
ಮೂವರಿಗೆ ತಿಂಗಳ ಸಾಮಾನು, ಎರಡು ಹೊತ್ತು ಅನ್ನ ಅಂತ ಹಿಡಿದು:

ಅಕ್ಕಿ ಒಬ್ಬರಿಗೆ ಒಂದು ಹೊತ್ತಿಗೆ 120 ಗ್ರಾಂ, ಒಟ್ಟು 22 ಕೆ.ಜಿ. ಬೇಳೆಕಾಳು ದಿನಕ್ಕೆ ತಲೆಗೆ 40 ಗ್ರಾಂ, ಒಟ್ಟು 3.6 ಕೆ.ಜಿ. ಎಣ್ಣೆ 1.8 ಲೀಟರ್. ತರಕಾರಿ ವಾರಕ್ಕೆ 5 ಕೆ.ಜಿ. ಮೇಲೆ. ಮೊಟ್ಟೆ ದಿನಕ್ಕೊಂದರಂತೆ 90, ಅಂದರೆ ಮೂರು ಟ್ರೇ. ತೆಂಗಿನಕಾಯಿ ಎರಡು ದಿನಕ್ಕೊಂದು. ಹಾಲು ದಿನಕ್ಕೆ ಅರ್ಧ ಲೀಟರ್. ಅಕ್ಕಿ ಮನೆಯಿಂದ ಬಂದರೆ ಉಳಿದದ್ದು ಗ್ಯಾಸ್ ಸೇರಿ ತಲೆಗೆ 1,600–1,800 ರೂಪಾಯಿಯೊಳಗೆ ಮುಗಿಸಬಹುದು. ತೆಂಗಿನಕಾಯಿ ಬೆಲೆ ಏರಿದಾಗ ಅದನ್ನೂ ಊರಿಂದಲೇ ತನ್ನಿ.

ಮಡಿಕೇರಿ ಸಂತೆ ಶುಕ್ರವಾರ. ಬೆಳಿಗ್ಗೆ ಸೊಪ್ಪು ಚೆನ್ನಾಗಿರುತ್ತೆ, ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಬೆಲೆ ಇಳಿಯುತ್ತೆ. ಮಳೆಗಾಲದಲ್ಲಿ ಸಂಜೆ ಸೊಪ್ಪು ಕೊಳ್ಳಬೇಡಿ, ದಿನವಿಡೀ ನೆನೆದು ಮರುದಿನವೇ ಕೊಳೆಯುತ್ತೆ. ಸಂಜೆಗೆ ಕೊಳ್ಳಬೇಕಾದ್ದು ಸಿಹಿಗುಂಬಳ, ಸೌತೆ, ಸೀಮೆಬದನೆ, ಕೆಸುವಿನ ಗೆಡ್ಡೆ, ಬಾಳೆಕಾಯಿ. ಸೌತೆ ಅಂದರೆ ಸಾಂಬಾರಿಗೆ ಹಾಕುವ ಬಣ್ಣದ ಸೌತೆ, ಫ್ರಿಡ್ಜ್ ಇಲ್ಲದೆ ಎರಡು ವಾರ ಇರುತ್ತೆ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಒಂದರಿಂದ ಇನ್ನೊಂದು ಬೇಗ ಮೊಳಕೆ ಬಂದು ಕೆಡುತ್ತೆ. ಈರುಳ್ಳಿ ಎರಡು ಕೆ.ಜಿ.ಗಿಂತ ಹೆಚ್ಚು ತರಬೇಡಿ, ತೇವಕ್ಕೆ ಕಪ್ಪು ಪುಡಿ ಹಿಡಿಯುತ್ತೆ.

ಜುಲೈ, ಆಗಸ್ಟಲ್ಲಿ ಕಣಿಲೆ (ಎಳೆ ಬಿದಿರಿನ ಮೊಳಕೆ) ಬರುತ್ತೆ. ಹೆಚ್ಚಿ ನೀರಲ್ಲಿ ಹಾಕಿ ಎರಡು ದಿನ, ನೀರು ಬದಲಿಸುತ್ತಾ ನೆನೆಸದೆ ತಿನ್ನುವ ಹಾಗಿಲ್ಲ, ಹಸಿಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತೆ. ಆಮೇಲೆ ಬೇಯಿಸಿ ಆ ನೀರೂ ಚೆಲ್ಲಿ. ಅಣಬೆ ನೀವಾಗಿ ಕಿತ್ತು ತರಬೇಡಿ, ಗುರುತು ಇಲ್ಲದವರಿಗೆ ಅದು ಉಳಿತಾಯದ ಬಾಬ್ತಲ್ಲ.

ಶನಿವಾರ, ಭಾನುವಾರ ಪೇಟೆ ಹೋಟೆಲ್ ಕಡೆ ತಲೆ ಹಾಕಬೇಡಿ, ಟೂರಿಸ್ಟ್ ಗಲಾಟೆ. ಹೊರಗೆ ತಿನ್ನಲೇಬೇಕಾದರೆ ಇಂದಿರಾ ಕ್ಯಾಂಟೀನ್ ತಿಂಡಿ 5 ರೂಪಾಯಿ, ಊಟ 10 ರೂಪಾಯಿ.

ಅಕ್ಕಿತರಿ
ಬೆಳಗಿನ ತಿಂಡಿಗೆ ಬ್ರೆಡ್ಡು, ನೂಡಲ್ಸ್ ಹಿಡಿದರೆ ಲೆಕ್ಕ ತಪ್ಪುತ್ತೆ. ಕಡಂಬುಟ್ಟು ಕಲಿಯಿರಿ, ಅಗ್ಗದಲ್ಲಿ ಇದಕ್ಕಿಂತ ಹೊಟ್ಟೆ ನಿಲ್ಲುವ ತಿಂಡಿ ಇಲ್ಲ. ಅಕ್ಕಿ ತರಿ ಒಂದು ಲೋಟ, ನೀರು ಎರಡು ಲೋಟ, ಉಪ್ಪು, ಅರ್ಧ ಚಮಚ ಎಣ್ಣೆ. ನೀರು ಕುದಿ ಬಂದಾಗ ತರಿ ಸುರಿದು ಕೈಯಾಡಿಸಿ, ಉರಿ ಪೂರ್ತಿ ಸಣ್ಣಗೆ ಮಾಡಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ನೀರು ಇಂಗುತ್ತೆ. ಕೈ ಸುಡದಷ್ಟು ಆರಿದ ಮೇಲೆ ಒದ್ದೆ ಕೈಯಲ್ಲಿ ಚೆನ್ನಾಗಿ ನಾದಿ, ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ 15–20 ನಿಮಿಷ ಹಬೆ. ಉಂಡೆ ಬಿರುಕು ಬಿಟ್ಟರೆ ನೀರು ಕಡಿಮೆಯಾಗಿದೆ ಅಥವಾ ಪೂರ್ತಿ ಆರಿದ ಮೇಲೆ ಕಟ್ಟಿದ್ದೀರಿ. ಕೈಗೆ ಅಂಟಂಟಾದರೆ ತರಿಯಲ್ಲಿ ಹಿಟ್ಟು ಜಾಸ್ತಿ ಇದೆ, ಮುಂದಿನ ಸಲ ಜರಡಿ ಹಿಡಿಯಿರಿ. ಉಳಿದದ್ದನ್ನು ಮರುದಿನ ಹೆಚ್ಚಿ ಸಾಸಿವೆ, ಒಣಮೆಣಸು, ಈರುಳ್ಳಿ ಒಗ್ಗರಣೆಗೆ ಹಾಕಿ.

ದೋಸೆ ಹಿಟ್ಟು ಮಳೆಗಾಲದಲ್ಲಿ ಒಂದೇ ರಾತ್ರಿಗೆ ಉಬ್ಬಲ್ಲ, ಹಾಳಾಯ್ತು ಅಂತ ಸೋಡಾ ಹಾಕಬೇಡಿ. 14–16 ಗಂಟೆ ಕೊಡಿ. ರುಬ್ಬುವಾಗ ಉದ್ದು ಒಂದು ಲೋಟಕ್ಕೆ ಒಂದು ಚಮಚ ಮೆಂತ್ಯ ಸೇರಿಸಿ, ಹಳೆ ಹಿಟ್ಟು ಒಂದು ಸೌಟು ಬೆರೆಸಿ, ಪಾತ್ರೆಯನ್ನು ಬೆಚ್ಚನೆ ನೀರಿನ ಬಕೆಟಲ್ಲಿ ಕೂರಿಸಿ. ಮೊಸರಿಗೂ ಇದೇ ಕತೆ. ಹೆಪ್ಪು ಎರಡರಷ್ಟು ಹಾಕಿ, ಹಾಲು ಬೆರಳಿಗೆ ಸುಖವೆನಿಸುವ ಬಿಸಿಯಲ್ಲಿರುವಾಗಲೇ ಬೆರೆಸಿ ಕಂಬಳಿ ಸುತ್ತಿ.

ಕಾಫಿ ಕೊಡಗಿನಲ್ಲಿ ಅಗ್ಗ ಅಂತ ಒಂದು ಕೆ.ಜಿ. ಕೊಂಡು ಇಡಬೇಡಿ. 200 ಗ್ರಾಂ ಕೊಂಡು ಬಿಗಿ ಡಬ್ಬಿಯಲ್ಲಿಡಿ, ತೇವ ತಾಗಿದ ಪುಡಿಗೆ ಘಮ ಇರಲ್ಲ. ಹಾಲು ಉಳಿಸಲು ಬೆಲ್ಲದ ಕಾಫಿ: ಮೂರು ಲೋಟ ನೀರಿಗೆ ಬೆಲ್ಲ ಹಾಕಿ ಕುದಿಸಿ, ಒಂದೂವರೆ ದೊಡ್ಡ ಚಮಚ ಪುಡಿ, ಉರಿ ಆರಿಸಿ ಮುಚ್ಚಿ ಐದು ನಿಮಿಷ, ಗಸಿ ಕೂತ ಮೇಲೆ ಬಗ್ಗಿಸಿ. ಚಿಕೋರಿ ಇಲ್ಲದ ಪುಡಿ ಆಗಬೇಕು.

ಕಕ್ಕಡ
ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ಯಾರ ತೋಟದಲ್ಲಿ ಕೇಳಿದರೂ ಮದ್ದುಸೊಪ್ಪು ಕೊಡ್ತಾರೆ, ಸೊಪ್ಪು ಕುದಿಸಿದ ನೇರಳೆ ನೀರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿ. ಮರುದಿನ ಮೂತ್ರ ಕೆಂಪಗೆ ಹೋದರೆ ಹೆದರಿ ಆಸ್ಪತ್ರೆಗೆ ಓಡಿ ದುಡ್ಡು ಕಳೀಬೇಡಿ, ಅದು ಸೊಪ್ಪಿನ ಬಣ್ಣ.

ನೀರೊಲೆ
ಶೂ ಬಗ್ಗೆ ಬರೆಯೋದು ಬಿಟ್ಟುಹೋಯ್ತು. ಚರ್ಮದ್ದು, ಚರ್ಮದಂಥದ್ದು ಎರಡೂ ಬೇಡ, ವಾರಕ್ಕೆ ಹಸಿರು ಬೂಸ್ಟು. ಕಾಲೇಜಿಗೆ ರಬ್ಬರ್ ಅಥವಾ ಪಿವಿಸಿ ಚಪ್ಪಲಿ, ಬೆಲ್ಟ್ ಇರೋದು. ಶೂ ಕಡ್ಡಾಯವಾದರೆ ತೆಳು ಬಟ್ಟೆಯದ್ದು ಎರಡು ಜೊತೆ, ದಿನ ಬಿಟ್ಟು ದಿನ. ಒಳಗಿನ ಅಟ್ಟೆ ಹೊರಗೆ ಎಳೆದು, ಹಳೆ ಪೇಪರ್ ಉಂಡೆ ತುರುಕಿ, ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ. ರಾತ್ರಿ ತುರುಕಿ ಬೆಳಿಗ್ಗೆವರೆಗೂ ಬಿಟ್ಟರೆ ಆ ಪೇಪರೇ ತೇವ ಹಿಡಿದಿಟ್ಟುಕೊಳ್ಳುತ್ತೆ. ಒಲೆ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಿತ್ತು ಬರುತ್ತೆ.

ಬ್ಯಾಗಿಗೆ ಹೊರಗಿನ ಕವರ್ ಸಾಲದು, ನೀರು ಇಳಿಯೋದು ಬೆನ್ನಿನ ಕಡೆ ಹೊಲಿಗೆಯಿಂದ. ಗೊಬ್ಬರದ ಚೀಲದ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ ಇದೆಯಲ್ಲ, ಅದನ್ನು ಚೆನ್ನಾಗಿ ತೊಳೆದು ಒಣಗಿಸಿ ಬ್ಯಾಗಿನ ಒಳಗೆ ಹಾಕಿ ಬಾಯಿ ತಿರುಚಿ ಮಡಚಿ. ಕೊಡೆ ಮೂರು ಮಡಿಕೆಯದ್ದು ಬೇಡ, ಒಂದೇ ಗಾಳಿಗೆ ಮಗುಚುತ್ತೆ. ಎಂಟು ಉಕ್ಕಿನ ಕಡ್ಡಿಯ ಉದ್ದ ಕೊಡೆ.

ಅಂಕಪಟ್ಟಿಗಳನ್ನು ಗೋಡೆಗೆ ತಾಗಿದ ಟ್ರಂಕಿನಲ್ಲಿಡಬೇಡಿ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನ ಮೇಲಿನ ಅಂತಸ್ತಿಗೆ. ಮೂಲಪ್ರತಿ ಲ್ಯಾಮಿನೇಷನ್ ಮಾಡಿಸಬೇಡಿ.

ಪೊನ್ನಂಪೇಟೆ
ಖರ್ಚಿನ ಮಾತೇ ಆಯ್ತು, ಬರುವ ದುಡ್ಡಿನ ಬಗ್ಗೆ ಯಾರೂ ಹೇಳಿಲ್ಲ. ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಜಿ ಆನ್‌ಲೈನ್‌ನಲ್ಲೇ. ಸೀಟು ಸಿಕ್ಕರೆ ಈ ಚರ್ಚೆಯ ಅರ್ಧ ನಿಮಗೆ ಬೇಡ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ಸರ್ಕಾರ 10 ತಿಂಗಳ ಲೆಕ್ಕದಲ್ಲಿ ಕೊಡುವ ದುಡ್ಡು. ಆದರೆ ಅದನ್ನು ತಿಂಗಳ ಖರ್ಚಿಗೆ ಲೆಕ್ಕ ಹಿಡಿಯಬೇಡಿ, ತಡವಾಗಿ ಒಟ್ಟಿಗೆ ಬರುವ ದುಡ್ಡದು. ಮುಂದಿನ ವರ್ಷದ ಫೀಸಿಗೆ ಇಟ್ಟುಕೊಳ್ಳಿ.

ಎಸ್‌ಎಸ್‌ಪಿ (ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್) ಅರ್ಜಿ ನಿಲ್ಲೋದು ಮುಖ್ಯವಾಗಿ ಮೂರು ಕಡೆ. ಒಂದು, ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಜೋಡಣೆ (ಸರ್ಕಾರದ ದುಡ್ಡು ಆಧಾರ್ ಮೂಲಕ ಖಾತೆಗೆ ಬರಲು ಬ್ಯಾಂಕಿನಲ್ಲಿ ಮಾಡಿಸುವ ಜೋಡಣೆ) ಆಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೇ ದುಡ್ಡು ಹೋಗುತ್ತೆ, ಅದು ಎಂದೋ ನಿಂತ ಖಾತೆಯಾದರೆ ವಾಪಸ್. ಎರಡು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು, ಆದಾಯದ್ದು ಅವಧಿ ಮುಗಿದಿರುತ್ತೆ, ನೋಡಿಕೊಳ್ಳಿ. ಮೂರು, ಹೆಸರು. ಕೊಡಗಿನ ಹುಡುಗರಿಗೆ ಇದು ಜಾಸ್ತಿ: ಆಧಾರ್‌ನಲ್ಲಿ ಮನೆಹೆಸರು ಪೂರ್ತಿ, ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆ ಆಧಾರ್ ತಿದ್ದಿಸೋದು ಸುಲಭ, ಉಲ್ಟಾ ಮಾಡೋಕೆ ಹೋದರೆ ಮುಗಿಯಲ್ಲ.

ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ) ಸಂಖ್ಯೆ ಬೇಕು. ಪಿರಿಯಾಪಟ್ಟಣದವರಿಗೆ ತೊಂದರೆ ಇರಲಿಕ್ಕಿಲ್ಲ. ಇಲ್ಲಿ ಜಮ್ಮಾ ಜಾಗದ (ಕೊಡಗಿನ ಹಳೆ ವಂಶಪಾರಂಪರ್ಯ ಹಿಡುವಳಿ) ಪಹಣಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಲ್ಲಿರುವ ಮನೆಗಳಲ್ಲೇ ಎಡವಟ್ಟು. ಫ್ರೂಟ್ಸ್ ನೋಂದಣಿಗೆ ಏನು ದಾಖಲೆ ಒಪ್ಪುತ್ತಾರೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಕೊನೇ ದಿನಕ್ಕೆ ಬಿಡಬೇಡಿ.

ಸುಂಟಿಕೊಪ್ಪ
ರಜೆಯಲ್ಲಿ ದುಡಿಯೋದಾದರೆ ಕಾಫಿ ಕೊಯ್ಲು. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿ, ಫೆಬ್ರವರಿ. ಕೆ.ಜಿ. ಲೆಕ್ಕವಾ, ದಿನಗೂಲಿಯಾ ಅಂತ ಮೊದಲೇ ಮಾತಾಡಿ. ಹೊಸಬರಿಗೆ ದಿನಗೂಲಿಯೇ ಲಾಭ, ಕೈ ಪಳಗದೆ ಕೆ.ಜಿ. ಏರಲ್ಲ. ಹೋಂಸ್ಟೇ, ಮದುವೆ ಅಡುಗೆ ಬಡಿಸುವ ಕೆಲಸದಲ್ಲಿ ಊಟವೂ ಸಿಗುತ್ತೆ. ರಾತ್ರಿ ವಾಪಸ್ ಬರಲು ಗಾಡಿ ಕೊಡ್ತಾರಾ ಕೇಳಿ. ಕೊಡದಿದ್ದರೆ ಕೂಲಿಯ ಅರ್ಧ ಆಟೋಗೆ.

ಪಿರಿಯಾಪಟ್ಟಣದವ
ತುಂಬಾ ಉಪಕಾರ ಆಯ್ತು. ಒಂದೇ ಡೌಟು. ಮಳೆಗಾಲಕ್ಕೆ ಒಣಮೀನು ಕೊಂಡಿಟ್ಟರೆ ಮೊಟ್ಟೆಗಿಂತ ಅಗ್ಗವಾ? ಕೆಡಲ್ವಾ?

ಶುಕ್ರವಾರ ಸಂತೆ
ಚಿಕ್ಕ ಮೀನಾದರೆ ಅಗ್ಗವೇ, ಒಂದು ಹಿಡಿ ಹಾಕಿದರೆ ಮೂವರ ಸಾರಿಗಾಯ್ತು. ಕೊಳ್ಳುವಾಗ ಮುರಿದು ನೋಡಿ, ಟಕ್ ಅಂತ ಮುರಿಯಬೇಕು. ಬಗ್ಗಿದರೆ ಆಗಲೇ ತೇವ ಎಳೆದಿದೆ, ವಾರಕ್ಕೆ ಬೂಸ್ಟು ಬರುತ್ತೆ. ತಂದ ದಿನವೇ ಬರೀ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿದ ಮೇಲೆ ಪೇಪರಲ್ಲಿ ಸುತ್ತಿ ಗಾಜಿನ ಬಾಟಲಿಗೆ ಹಾಕಿ. ಅಡುಗೆಗೆ ಮೊದಲು ಬಿಸಿನೀರಲ್ಲಿ 15 ನಿಮಿಷ ನೆನೆಸಿ ಆ ನೀರು ಚೆಲ್ಲಿ, ಸಾರಿಗೆ ಉಪ್ಪು ಕೊನೆಗೆ ರುಚಿ ನೋಡಿ ಹಾಕಿ.

ಮತ್ತೆ ಓನರ್ ಹತ್ತಿರ ಬಾಡಿಗೆ ಮಾತಾಡುವಾಗಲೇ ಇದನ್ನೂ ಕೇಳಿಬಿಡಿ. ಮೊಟ್ಟೆಗೆ ಹೂಂ ಅಂದವರೆಲ್ಲ ಒಣಮೀನಿನ ವಾಸನೆಗೆ ಹೂಂ ಅನ್ನಲ್ಲ.